ನಕ್ಷೆ ಬರೆದಾದ ಮೇಲೆ ಗ್ರಾಮಸಭೆ: ಗೋವಾದ ಭೂ ಯೋಜನೆಯಲ್ಲಿ ಹಳ್ಳಿಯವರ ಪಾಲೆಷ್ಟು?

ಗೋವಾದಲ್ಲಿ ಜಮೀನಿನ ಯಾವ ತಕರಾರನ್ನೇ ತೆಗೆದುಕೊಳ್ಳಿ, ಅದು ಕೊನೆಗೆ ಒಂದು ಸರ್ವೆ ನಂಬರಿಗೆ ಬಂದು ನಿಲ್ಲುತ್ತದೆ. ಪ್ರಾದೇಶಿಕ ಯೋಜನೆಯ ನಕ್ಷೆಯಲ್ಲಿ ಆ ನಂಬರು ವಸತಿ ವಲಯವೋ, ಬಾಗಾಯ್ತೋ, ಗದ್ದೆಯೋ? ಅಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂಬುದನ್ನು ತೀರ್ಮಾನಿಸುವುದು ಆ ಒಂದು ಗುರುತು. ಅದನ್ನು ಹಾಕುವವರು ಯಾರು, ಹಳ್ಳಿಯವರನ್ನು ಕೇಳಿ ಹಾಕುತ್ತಾರೋ ಹಾಕಿದ ಮೇಲೆ ಕೇಳುತ್ತಾರೋ ಎನ್ನುವುದೇ ಐವತ್ತು ವರ್ಷಗಳ ಪ್ರಶ್ನೆ.

ಇದು ನಮ್ಮವರಿಗೂ ಸೇರಿದ ಪ್ರಶ್ನೆ. ಸಾಂಕವಾಳ ಪಂಚಾಯ್ತಿಯ ಝುವಾರಿನಗರ, ಚಿಂಬೆಲ್ ಪಂಚಾಯ್ತಿಯ ಇಂದಿರಾನಗರದಂಥ ಕಡೆ ಉತ್ತರ ಕರ್ನಾಟಕದ ಸಂಸಾರಗಳು ನೆಲೆಸಿ ಎರಡು ಮೂರು ತಲೆಮಾರಾಗಿದೆ. ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರೇ. ಸ್ವಂತ ಜಮೀನು ಇರಲೇಬೇಕೆಂದಿಲ್ಲ, ಬಾಡಿಗೆ ಮನೆಯಾದರೂ ಆದೀತು. ಹಾಗಿದ್ದೂ ಭಾನುವಾರದ ಗ್ರಾಮಸಭೆಯನ್ನು ‘ಅದು ಊರಿನವರದು’ ಎಂದು ಬಿಟ್ಟುಬಿಡುವವರೇ ಹೆಚ್ಚು. ಕೊಂಕಣಿಯಲ್ಲಿ ನಡೆಯುತ್ತದೆಂಬ ಸಂಕೋಚ ಬೇರೆ.

ಹಳ್ಳಿಯ ನೆಲವನ್ನು ಹಳ್ಳಿಯವರೇ ಕೂತು ನಿರ್ಧರಿಸುವ ಪದ್ಧತಿ ಗೋವಾಕ್ಕೆ ಹೊಸದಲ್ಲ. ಪೋರ್ಚುಗೀಸರು ಬರುವ ಮೊದಲೇ ಗಾಂವ್ಕರಿ ಇತ್ತು. ಊರಿನ ಗದ್ದೆ, ಗುಡ್ಡ, ಕೆರೆಗಳೆಲ್ಲ ಊರಿನ ಮೂಲ ಮನೆತನದವರಾದ ಗಾಂವ್ಕಾರರ ಕೂಟದ ಒಡೆತನ. 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಈ ಕಟ್ಟುಪಾಡುಗಳನ್ನು ಬರಹಕ್ಕಿಳಿಸಿದ. ಮುಂದೆ ಅದಕ್ಕೆ ಕೊಮುನಿದಾದ್ ಎಂಬ ಹೆಸರು ನಿಂತಿತು. ಅದರ ಸಂಹಿತೆ ಕೊನೆಯದಾಗಿ ರೂಪುಗೊಂಡದ್ದು ವಿಮೋಚನೆಯ ವರ್ಷವಾದ 1961ರಲ್ಲಿ. ಅದು ಎಲ್ಲರ ಕೂಟವಾಗಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ: ಹಕ್ಕು ಗಾಂವ್ಕಾರ ಮನೆತನಗಳ ಗಂಡಸರದು, ಗೇಣಿದಾರರಿಗೂ ಕೂಲಿಯವರಿಗೂ ಅಲ್ಲಿ ಬಾಯಿಲ್ಲ. ಆದರೂ ನೀರು ಮತ್ತು ಬಾಂದಿನ ವಿಷಯದಲ್ಲಿ ಅವರ ವ್ಯವಸ್ಥೆ ಗಟ್ಟಿಯಾಗಿತ್ತು.

ಖಾಜನ್ ಗದ್ದೆಯನ್ನು ನೋಡಿದರೆ ಅದು ಅರ್ಥವಾಗುತ್ತದೆ. ಅಘನಾಶಿನಿ ಕಡೆಯ ಗಜನಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭರತದ ಮಟ್ಟಕ್ಕಿಂತ ತಗ್ಗಾದ ನೆಲ, ಸುತ್ತ ಮಣ್ಣು ಕಲ್ಲಿನ ಬಾಂದು, ಹೊಳೆ ಸೇರುವಲ್ಲಿ ಮರದ ಬಾಗಿಲಿನ ಮಾನಸ್ ಎಂಬ ತೂಬು. ನಮ್ಮವರ ಜಂತ್ರಡಿ ಇದ್ದ ಹಾಗೆ. ಭರತ ಏರಿದಾಗ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಬಾಗಿಲು ಮುಚ್ಚಿರುವಷ್ಟು ಹೊತ್ತು ಒಳಗಿನ ನೀರು ನಿಲ್ಲುವುದಕ್ಕೆ ಪೊಯಿಂ ಎಂಬ ತಗ್ಗು ಬೇಕು. ಒಬ್ಬರು ತಮ್ಮ ತುಂಡಿಗೆ ಕೆಂಪು ಮಣ್ಣು ಸುರಿದು ಎತ್ತರಿಸಿದರೆ ಅಲ್ಲಿ ನಿಲ್ಲಬೇಕಾದ ನೀರು ಪಕ್ಕದವರ ಗದ್ದೆಯಲ್ಲಿ ನಿಲ್ಲುತ್ತದೆ. ಬೇಸಾಯ ನಿಂತರೆ ಬಾಂದು ನೋಡುವವರಿಲ್ಲ. ಬಾಂದು ಒಡೆದು ಉಪ್ಪುನೀರು ನುಗ್ಗಿದರೆ, ನಮ್ಮ ಕಗ್ಗ ಭತ್ತದಂತೆ ಉಪ್ಪು ತಡೆಯುವ ಕೊರ್ಗುಟ್ ಭತ್ತಕ್ಕೂ ಆ ನೆಲ ಕಷ್ಟವಾಗುತ್ತದೆ. ಒಂದು ಸರ್ವೆ ನಂಬರಿನ ತೀರ್ಮಾನ ಇಡೀ ಬಯಲಿನ ತೀರ್ಮಾನ ಎನ್ನುವುದು ಇದಕ್ಕೇ.

ವಿಮೋಚನೆಯ ನಂತರ ಗೇಣಿ ಕಾಯ್ದೆ, ಒಡೆಯರ ಜಮೀನಿನಲ್ಲಿ ಮನೆ ಮಾಡಿಕೊಂಡಿದ್ದವರಿಗಾಗಿ ಮುಂಡಕಾರ ಕಾಯ್ದೆ ಬಂದವು, ಬರಬೇಕಾಗಿಯೂ ಇತ್ತು. ಅಷ್ಟರಲ್ಲಿ ನೆಲದ ಬಳಕೆಯನ್ನು ತೀರ್ಮಾನಿಸುವ ಅಧಿಕಾರ ಹಳ್ಳಿಯಿಂದ ಪಣಜಿಗೆ ಸಾಗಿತು. 1974ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ಪ್ರಕಾರ ಪ್ರಾದೇಶಿಕ ಯೋಜನೆ ಬರೆಯುವುದು ಇಲಾಖೆ, ಜನ ಆಕ್ಷೇಪಣೆ ಸಲ್ಲಿಸಬಹುದು, ಅಷ್ಟೇ. ಮೊದಲ ಯೋಜನೆ, ಅಂದರೆ 2001ರವರೆಗಿನದು, 1986ರಲ್ಲಿ ಹೊರಬಿತ್ತು. ಸಂವಿಧಾನದ 73ನೇ ತಿದ್ದುಪಡಿ, ಅದರ ಹಿಂದೆಯೇ ಗೋವಾ ಪಂಚಾಯತ್ ರಾಜ್ ಕಾಯ್ದೆ ಬಂದದ್ದು 1994ಕ್ಕೆ. ಹಳೆಯ ಯೋಜನಾ ಕಾಯ್ದೆಯೊಳಗೆ ಹೊಸ ಗ್ರಾಮಸಭೆಗೆ ಕುರ್ಚಿಯನ್ನೇ ಹಾಕಲಿಲ್ಲ. ಸಂವಿಧಾನದಲ್ಲೂ ಒಂದು ಸಂದು ಉಳಿದಿದೆ: ನಗರಸಭೆಗಳಿಗೆ ಸಂಬಂಧಿಸಿದ 12ನೇ ಅನುಸೂಚಿಯಲ್ಲಿ ‘ಭೂ ಬಳಕೆಯ ನಿಯಂತ್ರಣ’ ಎಂದು ಸ್ಪಷ್ಟವಾಗಿದೆ, ಪಂಚಾಯ್ತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ ಆ ಮಾತಿಲ್ಲ. ಭೂ ಸುಧಾರಣೆ, ಮಣ್ಣಿನ ಸಂರಕ್ಷಣೆ ಇವೆ. ಗ್ರಾಮಸಭೆ ಎಷ್ಟೇ ಜೋರಾಗಿ ನಿರ್ಣಯ ಮಾಡಿದರೂ ಇಲಾಖೆ ಅದನ್ನು ‘ಸಲಹೆ’ ಎಂದು ಫೈಲಿಗೆ ಸೇರಿಸಲು ಸಾಧ್ಯವಾಗುವುದು ಈ ಸಂದಿನಿಂದ.

2006ರ ಆಗಸ್ಟ್‌ನಲ್ಲಿ 2011ರವರೆಗಿನ ಪ್ರಾದೇಶಿಕ ಯೋಜನೆ ಅಧಿಸೂಚನೆಯಾದಾಗ ಜನ ನಕ್ಷೆ ಬಿಡಿಸಿ ನೋಡಿದರು. ಗುಡ್ಡ, ಬಾಗಾಯ್ತು, ಗದ್ದೆಗಳ ಮೇಲೆ ವಸತಿ ವಲಯದ ಗುರುತು ಬಿದ್ದಿತ್ತು. ಡಿಸೆಂಬರ್‌ನಲ್ಲಿ ಗೋವಾ ಬಚಾವೊ ಅಭಿಯಾನ ಪಣಜಿಯ ಆಜಾದ್ ಮೈದಾನದಲ್ಲಿ ಸಭೆ ಸೇರಿಸಿತು. 2007ರ ಜನವರಿಯ ಕೊನೆಯ ಹೊತ್ತಿಗೆ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು. ಹೋರಾಟದ ಗೆಲುವು ದೊಡ್ಡದು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸ ಆಮೇಲೆ, ಸದ್ದಿಲ್ಲದೆ, ಹಳ್ಳಿ ಹಳ್ಳಿಯ ಪಂಚಾಯ್ತಿ ಕಚೇರಿಗಳಲ್ಲಿ ನಡೆಯಿತು.

ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಂಥವರಿದ್ದ ಕಾರ್ಯಪಡೆ 2021ರವರೆಗಿನ ಯೋಜನೆಯ ಕರಡು ಸಿದ್ಧಮಾಡಿತು. 2008ರಲ್ಲಿ ಅದು ಪ್ರಕಟವಾಯಿತು. ಊರಿನ ನಕ್ಷೆಗಳು ಪಂಚಾಯ್ತಿಗಳಿಗೆ ಬಂದವು, ಗ್ರಾಮಮಟ್ಟದ ಸಮಿತಿಗಳು ರಚನೆಯಾದವು. ನೆಲವನ್ನು ಪರಿಸರ ವಲಯ 1, ಪರಿಸರ ವಲಯ 2, ವಸತಿ ಎಂದು ವಿಂಗಡಿಸಲಾಗಿತ್ತು. ಕಾಡು, ಗದ್ದೆ, ಖಾಜನ್, ಜಲಮೂಲ, ಶೇಕಡಾ 25ಕ್ಕಿಂತ ಕಡಿದಾದ ಇಳಿಜಾರು ಮೊದಲನೆಯದರಲ್ಲಿ, ಬಾಗಾಯ್ತು ಎರಡನೆಯದರಲ್ಲಿ. ಊರಿನವರು ನಕ್ಷೆ ಹಿಡಿದು ಗುಡ್ಡ ಹತ್ತಿದರು. ನಕ್ಷೆಯಲ್ಲಿಲ್ಲದ ಝರಿ, ಹಳ್ಳ, ದನದ ದಾರಿಗಳನ್ನು ಗುರುತಿಸಿ, ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆದು ಕಳಿಸಿದರು.

ಎಡವಿದ್ದು ಕೊನೆಯ ಮೆಟ್ಟಿಲಲ್ಲಿ. 2011ರಲ್ಲಿ ಪೆಡ್ನೆ, ಕಾಣಕೋಣಗಳಿಂದ ಶುರುವಾಗಿ ತಾಲ್ಲೂಕುವಾರು ಅಧಿಸೂಚನೆ ಬಂದಾಗ, ತಾವು ಕಳಿಸಿದ ನಕ್ಷೆಗೂ ಅಚ್ಚಾದ ನಕ್ಷೆಗೂ ತಾಳೆಯಾಗುವುದಿಲ್ಲ ಎಂದು ಹಲವು ಹಳ್ಳಿಗಳು ದೂರಿದವು. ಯಾವ ಸಲಹೆಯನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂದು ಸರ್ವೆ ನಂಬರುವಾರು ಲಿಖಿತ ಉತ್ತರ ಕೊಡಲೇಬೇಕೆಂಬ ಕಟ್ಟು ಇರಲಿಲ್ಲ. 2012ರಲ್ಲಿ ಸರ್ಕಾರ ಬದಲಾಗಿ ಯೋಜನೆಯನ್ನು ತಡೆಹಿಡಿಯಲಾಯಿತು. ಮುಂದೆ ಅದನ್ನೇ ಮತ್ತೆ ಆಧಾರವಾಗಿಟ್ಟುಕೊಂಡರು.

ಆಮೇಲಿನದು ತುಂಡು ತುಂಡಿನ ಕಾಲ. 2018ರಲ್ಲಿ ಯೋಜನಾ ಕಾಯ್ದೆಗೆ 16ಬಿ ಕಲಮು ಸೇರಿ, ಒಬ್ಬೊಬ್ಬರ ಅರ್ಜಿಯ ಮೇಲೆ ಒಂದೊಂದು ಜಮೀನಿನ ವಲಯ ಬದಲಿಸುವ ದಾರಿ ತೆರೆಯಿತು. 2023ರಲ್ಲಿ 17(2) ಬಂತು, ‘ಕಣ್ತಪ್ಪಿನಿಂದಾದ ದೋಷ’ ತಿದ್ದುವ ಹೆಸರಿನಲ್ಲಿ. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದರ ನಿಯಮಗಳನ್ನು ರದ್ದುಪಡಿಸಿತು. ಅಷ್ಟರಲ್ಲಿ, 2024ರಲ್ಲಿ, ಹೀಗೆಯೇ ಜಮೀನಿನ ವಲಯ ಬದಲಿಸಲು ದಾರಿ ಕೊಡುವ 39ಎ ಕಲಮು ಸೇರಿಯಾಗಿತ್ತು. ಇಡೀ ಯೋಜನೆ ಬರೆಯುವಾಗ ಊರನ್ನು ಕೇಳಿ, ಆಮೇಲೆ ಅದನ್ನು ಊರನ್ನು ಕೇಳದೆ ತುಂಡು ತುಂಡಾಗಿ ಬದಲಿಸಿದರೆ ಮೊದಲು ಕೇಳಿದ್ದಕ್ಕೆ ಬೆಲೆ ಏನು?

ಗ್ರಾಮಸಭೆಗೆ ಹೋಗುವವರು ಕೈಯಲ್ಲಿ ಮೂರು ಕಾಗದ ಇಟ್ಟುಕೊಳ್ಳಬೇಕು: ಒಂದು-ಹದಿನಾಲ್ಕು ನಮೂನೆ, ಸರ್ವೆ ನಕ್ಷೆ, 2021ರ ಯೋಜನೆಯಲ್ಲಿ ಆ ಊರಿನ ಹಾಳೆ. ಒಂದು-ಹದಿನಾಲ್ಕು ಎಂದರೆ ನಮ್ಮ ಪಹಣಿ. ಅದರಲ್ಲಿ ಒಡೆಯರ ಹೆಸರಿನ ಜೊತೆ ಗೇಣಿದಾರರ ಅಂಕಣವನ್ನೂ ಬೆಳೆಯ ಅಂಕಣವನ್ನೂ ನೋಡಬೇಕು. ಗೇಣಿ ಕಾಯ್ದೆಯಲ್ಲಿ ರೈತನಿಗೆ ಬಂದ ಜಮೀನನ್ನು ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸಕೂಡದೆಂದು 1991ರ ಭೂ ಬಳಕೆ ಕಾಯ್ದೆ ಹೇಳುತ್ತದೆ. ವಿಸ್ತೀರ್ಣ ಹೆಕ್ಟೇರ್, ಆರ್, ಚದರ ಮೀಟರ್‌ಗಳಲ್ಲಿ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ.

ಇಳಿಜಾರಿನ ವಾದಕ್ಕೆ ಎಂಜಿನಿಯರೇ ಬೇಕೆಂದಿಲ್ಲ. ಗೋವಾದ ಕಟ್ಟಡಗಳಲ್ಲಿ ದುಡಿಯುವ ನಮ್ಮ ಗಾರೆ ಕೆಲಸದವರ ಹತ್ತಿರ ಲೆವೆಲ್ ಪೈಪು ಇದ್ದೇ ಇರುತ್ತದೆ. ಶೇಕಡಾ 25 ಎಂದರೆ ಅಡ್ಡಕ್ಕೆ 4 ಮೀಟರ್ ಹೋದರೆ ಎತ್ತರದಲ್ಲಿ 1 ಮೀಟರ್ ವ್ಯತ್ಯಾಸ. ಎರಡು ಕೋಲು ನೆಟ್ಟು, ಪೈಪಿನಲ್ಲಿ ನೀರು ನಿಂತ ಮಟ್ಟವನ್ನು ಎರಡರ ಮೇಲೂ ಗುರುತು ಮಾಡಿ, ನೆಲದಿಂದ ಅಳೆದು ಕಳೆದರೆ ವ್ಯತ್ಯಾಸ ಸಿಗುತ್ತದೆ. ಹೀಗೆ ಐದು ಸಲ, 20 ಮೀಟರ್ ಅಳೆದರೆ ನಂಬಬಹುದು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳಾಗುತ್ತದೆ. ಟೇಪನ್ನು ಅಡ್ಡಕ್ಕೆ ಬಿಗಿದು ಹಿಡಿಯದೆ ನೆಲದ ಮೇಲೆ ಮಲಗಿಸಿದರೆ ಇಳಿಜಾರು ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಗುಡ್ಡ ಕಡಿಯಲು, ತಗ್ಗು ತುಂಬಲು ಅನುಮತಿ ಬೇಕೇ ಬೇಕೆನ್ನುವ 17ಎ ಕಲಮು ಕಾಯ್ದೆಯಲ್ಲಿದೆ. ದೂರಿನಲ್ಲಿ ಅದನ್ನು ಹೆಸರಿಸಬೇಕು.

ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ಬಾಗಾಯ್ತಿನಲ್ಲಿ ಫಾರ್ಮ್‌ಹೌಸ್ ಕಟ್ಟಲು ಕನಿಷ್ಠ 4000 ಚದರ ಮೀಟರ್ ಬೇಕು, ಅಂದರೆ ಹತ್ತಿರ ಹತ್ತಿರ ಒಂದು ಎಕರೆ. ಅದನ್ನೇ ಎರಡು ಮೂರು ಗುಂಟೆಯ ಸೈಟು ಮಾಡಿ, ‘ಆಮೇಲೆ ಸನದು (ಭೂ ಪರಿವರ್ತನೆಯ ಪತ್ರ) ಆಗುತ್ತೆ’ ಎಂದು ಮಾರುವವರಿದ್ದಾರೆ. ಹತ್ತಾರು ವರ್ಷ ಕೂಲಿ ಮಾಡಿ ಕೂಡಿಟ್ಟ ದುಡ್ಡು ಹೀಗೆ ಹೋಗಬಾರದು. ಮುಂಗಡ ಕೊಡುವ ಮೊದಲು ಆ ನಂಬರಿನ ವಲಯ ಯಾವುದೆಂದು ಯೋಜನಾ ಇಲಾಖೆಯಿಂದ ಬರಹದಲ್ಲಿ ಪಡೆಯಬೇಕು.

ನಿರ್ಣಯದ ಮಾತೂ ಮುಖ್ಯ. ‘ಊರಿಗೆ ದೊಡ್ಡ ಯೋಜನೆಗಳು ಬೇಡ’ ಎಂಬ ನಿರ್ಣಯ ಕಚೇರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಸರ್ವೆ ನಂಬರು, ಉಪವಿಭಾಗ, ವಿಸ್ತೀರ್ಣ, ಈಗಿನ ವಲಯ, ಅಲ್ಲಿ ಕಣ್ಣಿಗೆ ಕಾಣುವ ಹಳ್ಳ ಅಥವಾ ಬಾಂದು, ಬದಲಾದರೆ ಯಾರಿಗೆ ಏನಾಗುತ್ತದೆ ಎಂಬುದು, ಇಷ್ಟೂ ನಡಾವಳಿಯಲ್ಲಿ ದಾಖಲಾಗಬೇಕು. ವಿಷಯ ಕಾರ್ಯಸೂಚಿಯಲ್ಲಿ ಬರಲು ಮೊದಲೇ ಕಾರ್ಯದರ್ಶಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಮುಂದಿನ ಸಭೆಯಲ್ಲಿ ನಡಾವಳಿ ಓದುವಾಗ ನಂಬರು ಸರಿಯಾಗಿದೆಯೇ ಎಂದು ಕಿವಿಗೊಟ್ಟು ಕೇಳಿ, ದೃಢೀಕೃತ ಪ್ರತಿ ತೆಗೆದುಕೊಳ್ಳಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ.

ದಿನಗಳ ಲೆಕ್ಕವನ್ನೂ ಇಟ್ಟುಕೊಂಡಿರಬೇಕು. ಸಾಮಾನ್ಯ ಗ್ರಾಮಸಭೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಭಾನುವಾರಗಳಲ್ಲಿ. 39ಎ ಪ್ರಕಟಣೆಗೆ ಸಲಹೆ ಕೊಡಲು 30 ದಿನ. ನವೆಂಬರ್ ಮೊದಲ ವಾರ ಬಂದ ಪ್ರಕಟಣೆಯ ಗಡುವು ಡಿಸೆಂಬರ್ ಮೊದಲ ವಾರಕ್ಕೆ ಮುಗಿದಿರುತ್ತದೆ, ಊರು ಕೂಡುವುದು ಜನವರಿಗೆ. ಆದ್ದರಿಂದ ರಾಜ್ಯಪತ್ರದಲ್ಲಿ ಊರಿನ ಹೆಸರು ಕಂಡ ದಿನವೇ ವಿಶೇಷ ಗ್ರಾಮಸಭೆ ಕರೆಯಿರಿ ಎಂದು ಸರಪಂಚರಿಗೆ ಲಿಖಿತ ಬೇಡಿಕೆ ಹೋಗಬೇಕು, ಅದರ ಜೊತೆಗೆ ಒಬ್ಬೊಬ್ಬ ಮತದಾರರ ಆಕ್ಷೇಪಣೆಯೂ ಬೇರೆ ಬೇರೆಯಾಗಿ ಇಲಾಖೆಯ ಆವಕಕ್ಕೆ ಸೇರಬೇಕು.