ಐದು ಕಿಲೋಮೀಟರ್ ನೀರಿನಡಿಯ ಕೆಸರು ಎಷ್ಟು ಗಟ್ಟಿ?

ಹಿಂದೂ ಮಹಾಸಾಗರದ ನಡುಭಾಗದಲ್ಲಿ ಐದು ಕಿಲೋಮೀಟರಿಗೂ ಆಳಕ್ಕೆ ಇಳಿದರೆ, ಅಲ್ಲಿನ ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 500 ಕಿಲೋಗ್ರಾಂಗೂ ಹೆಚ್ಚು ನೀರಿನ ಭಾರವಿದೆ. ಇಷ್ಟು ಭಾರ ಹೊತ್ತು ಯುಗಯುಗಗಳಿಂದ ಬಿದ್ದಿರುವ ನೆಲ ಕಲ್ಲಾಗಿ ಹೋಗಿರಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿನ ಮೇಲ್ಪದರ ಗಟ್ಟಿ ಮೊಸರಿನಷ್ಟು ಮೆತ್ತಗಿದೆ. ಒಣಗಿಸಿ ತೂಗಿದರೆ, ಅದರಲ್ಲಿದ್ದ ಮಣ್ಣಿಗಿಂತ ನೀರೇ ಹಲವು ಪಟ್ಟು ಹೆಚ್ಚು.

ಇದು ಹೇಗೆ ಸಾಧ್ಯ ಎಂಬುದಕ್ಕೆ ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರ್ 1920ರ ದಶಕದಲ್ಲೇ ಉತ್ತರ ಕಂಡುಕೊಂಡರು. ಆಧುನಿಕ ಮಣ್ಣಿನ ಎಂಜಿನಿಯರಿಂಗ್ ನಿಂತಿರುವುದೇ ಆ ಉತ್ತರದ ಮೇಲೆ. ಕೆಸರಿನ ಕಣಗಳ ನಡುವಿನ ಸಂದುಗಳಲ್ಲೂ ಸಮುದ್ರದ ನೀರೇ ತುಂಬಿದೆ. ಮೇಲಿನ ನೀರು ಎಷ್ಟು ಒತ್ತುತ್ತದೋ, ಸಂದಿನೊಳಗಿನ ನೀರೂ ಅಷ್ಟೇ ಒತ್ತಡದಲ್ಲಿ ಎಲ್ಲ ಕಡೆಯಿಂದ ಕಣವನ್ನು ಸುತ್ತುವರಿದಿರುತ್ತದೆ. ಹಾಗಾಗಿ ಆ ಒತ್ತಡ ಕಣವನ್ನು ಪಕ್ಕದ ಕಣಕ್ಕೆ ಒತ್ತುವುದಿಲ್ಲ. ಕಣದಿಂದ ಕಣಕ್ಕೆ ದಾಟುವುದು ಮಣ್ಣಿನ ತೂಕ ಮಾತ್ರ, ಅದೂ ನೀರು ಎತ್ತಿಹಿಡಿದ ಪಾಲು ಕಳೆದು ಉಳಿದದ್ದು. ಮಣ್ಣಿಗೆ ಬಲ ಬರುವುದು ಕಣಗಳು ಒಂದನ್ನೊಂದು ಅದುಮಿ ಹಿಡಿದುಕೊಂಡಾಗ. ಮೇಲೆ ಐದು ಮೀಟರ್ ನೀರಿದ್ದರೂ ಐದು ಸಾವಿರ ಮೀಟರ್ ಇದ್ದರೂ ಆ ಹಿಡಿತಕ್ಕೆ ವ್ಯತ್ಯಾಸವಿಲ್ಲ.

ಎಂಜಿನಿಯರುಗಳು ಅಳೆಯುವುದು ಮುಖ್ಯವಾಗಿ ಷಿಯರ್ ಬಲವನ್ನು. ಅಂದರೆ ಮಣ್ಣಿನ ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಶಕ್ತಿ. ಅದರ ಮಾನ ಕಿಲೋಪಾಸ್ಕಲ್; ಒಂದು ಚದರ ಮೀಟರಿನ ಮೇಲೆ ಸುಮಾರು 100 ಕಿಲೋಗ್ರಾಂ ಹರಡಿದರೆ ಒಂದು ಕಿಲೋಪಾಸ್ಕಲ್. ಆಳಸಮುದ್ರದ ಸಾಧಾರಣ ಜೇಡಿಯಲ್ಲಿ ಈ ಬಲ ಮೇಲ್ಮೈಯಲ್ಲಿ ಶೂನ್ಯದ ಹತ್ತಿರ ಶುರುವಾಗಿ, ಕೆಳಗಿಳಿದಂತೆ ಮೀಟರಿಗೆ ಒಂದರಿಂದ ಎರಡು ಕಿಲೋಪಾಸ್ಕಲ್‌ನಷ್ಟು ಏರುತ್ತದೆ. ದಡದಲ್ಲಿ ನಿಂತ ಮನುಷ್ಯನ ಪಾದ ನೆಲವನ್ನು ಒತ್ತುವುದು ಸುಮಾರು 15 ಕಿಲೋಪಾಸ್ಕಲ್‌ನಲ್ಲಿ. ಜೇಡಿಯ ಮೇಲ್ಮೈ ತನ್ನ ಷಿಯರ್ ಬಲದ ಐದಾರು ಪಟ್ಟು ಭಾರವನ್ನಷ್ಟೇ ತಡೆಯಬಲ್ಲದು. ಬಲ ಒಂದೇ ಕಿಲೋಪಾಸ್ಕಲ್ ಇರುವ ಕೆಸರಿನ ಮೇಲೆ ಕಾಲಿಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಇಷ್ಟು ದುರ್ಬಲವಾದ ನೆಲದ ಮೇಲೆಯೇ ಜಗತ್ತಿನ ಇಂಟರ್ನೆಟ್ ಕೇಬಲ್‌ಗಳು, ತೈಲದ ಕೊಳವೆಗಳು, ತೇಲುವ ವೇದಿಕೆಗಳ ಲಂಗರುಗಳು ನಿಂತಿವೆ. ನೆಲ ಕೈಕೊಟ್ಟ ಉದಾಹರಣೆಗಳೂ ಇವೆ. 1929ರ ನವೆಂಬರ್ 18ರಂದು ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪವಾದಾಗ ಸಮುದ್ರದಡಿಯ ಇಳಿಜಾರು ಕುಸಿಯಿತು. ಕೆಸರಿನ ಪ್ರವಾಹ ಅಟ್ಲಾಂಟಿಕ್‌ನ ಹನ್ನೆರಡು ಟೆಲಿಗ್ರಾಫ್ ಕೇಬಲ್‌ಗಳನ್ನು ಒಂದಾದ ಮೇಲೊಂದರಂತೆ ಕಡಿದುಹಾಕಿತು, ಎದ್ದ ಸುನಾಮಿ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ 28 ಜನರನ್ನು ಬಲಿ ತೆಗೆದುಕೊಂಡಿತು. 1969ರಲ್ಲಿ ಕ್ಯಾಮಿಲ್ ಚಂಡಮಾರುತದ ಅಲೆಗಳು ಮಿಸಿಸಿಪಿ ನದೀಮುಖದ ಮೆತ್ತನೆ ತಳವನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಜಾರಿಸಿದವು. ಹೊಸದಾಗಿ ಕಟ್ಟಿದ್ದ ತೈಲವೇದಿಕೆ ಉರುಳಿತು. ನದಿ ಅಲ್ಲಿ ಎಷ್ಟು ಬೇಗ ಹೂಳು ತಂದು ಸುರಿಯುತ್ತದೆಂದರೆ ಸಂದಿನ ನೀರಿಗೆ ಹೊರಹೋಗಲು ಸಮಯವೇ ಸಿಗುವುದಿಲ್ಲ. ಮೇಲಿನ ಹೂಳಿನ ಭಾರವನ್ನು ಕಣಗಳ ಬದಲು ಆ ನೀರೇ ಹೊತ್ತಿರುತ್ತದೆ, ಆದ್ದರಿಂದ ಮಣ್ಣಿಗೆ ಬರಬೇಕಾದ ಬಲ ಬಂದಿರುವುದಿಲ್ಲ.

ಹಾಗಾದರೆ ಈ ಬಲವನ್ನು ಅಳೆಯುವುದು ಹೇಗೆ? ಮೊದಲ ಉಪಕರಣಗಳು ಹುಟ್ಟಿದ್ದು ಸಮುದ್ರದಲ್ಲಲ್ಲ, ಸ್ವೀಡನ್ನಿನ ರೈಲು ಹಳಿಗಳ ಪಕ್ಕದಲ್ಲಿ. ಅಲ್ಲಿನ ಮೆತ್ತನೆ ಜೇಡಿಯಲ್ಲಿ ಹಳಿಗಳು ಪದೇ ಪದೇ ಜಾರುತ್ತಿದ್ದವು. 1918ರಲ್ಲಿ ಯೆಟೋ ಎಂಬಲ್ಲಿ ಕುಸಿದ ದಿಬ್ಬದ ಮೇಲೆ ಹಳಿ ತಪ್ಪಿದ ರೈಲು 40ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾಯಿತು. ಕುಸಿತಗಳ ತನಿಖೆಗೆ ಸ್ವೀಡನ್ನಿನ ರೈಲ್ವೆ 1914ರಲ್ಲೇ ನೇಮಿಸಿದ್ದ ಆಯೋಗದಲ್ಲಿ ಕೆಲಸ ಮಾಡುತ್ತಿದ್ದ ಯೋನ್ ಓಲ್ಸನ್ ಬಹಳ ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಚೂಪಾದ ಲೋಹದ ಶಂಕುವನ್ನು ಮಣ್ಣಿನ ಮೇಲ್ಮೈಗೆ ತಾಗುವಂತೆ ನಿಲ್ಲಿಸಿ ಕೈಬಿಡುವುದು, ಎಷ್ಟು ಇಳಿಯಿತೆಂದು ನೋಡುವುದು. ಎರಡು ಪಟ್ಟು ಇಳಿದರೆ ಮಣ್ಣಿನ ಬಲ ನಾಲ್ಕನೇ ಒಂದು ಪಾಲು. ನೂರು ವರ್ಷ ಕಳೆದರೂ ಸಂಶೋಧನಾ ಹಡಗುಗಳಲ್ಲಿ ಈ ಶಂಕು ಇಂದಿಗೂ ಬಳಕೆಯಲ್ಲಿದೆ. ಅದರ ಜೊತೆಗಿರುವುದು ವೇನ್ ಎಂಬ ನಾಲ್ಕು ರೆಕ್ಕೆಗಳ ಸಾಧನ. ಕೆಸರಿಗೆ ಚುಚ್ಚಿ ನಿಧಾನವಾಗಿ ತಿರುಗಿಸಿದರೆ, ಒಂದು ಹಂತದಲ್ಲಿ ರೆಕ್ಕೆಗಳ ಸುತ್ತಲಿನ ಮಣ್ಣು ಸಿಲಿಂಡರಿನ ಆಕಾರದಲ್ಲಿ ಕಿತ್ತುಕೊಂಡು ಸುತ್ತುತ್ತದೆ. ಆ ಕ್ಷಣದ ತಿರುಚುಬಲವೇ ಅಳತೆ.

ಎರಡೂ ಒಳ್ಳೆಯ ಸಾಧನಗಳು. ತೊಂದರೆ ಇರುವುದು ಅವುಗಳ ಮುಂದೆ ಇಡುವ ಮಣ್ಣಿನಲ್ಲಿ.

ಸಮುದ್ರತಳದಿಂದ ಕೆಸರಿನ ಕಂಬವನ್ನು ಮೇಲೆ ತರಲು ಉದ್ದನೆಯ ಕೊಳವೆಗಳನ್ನು ಇಳಿಸುತ್ತಾರೆ. ಸ್ವೀಡನ್ನಿನ ಬೋರ್ಯೆ ಕುಲೆನ್‌ಬರ್ಗ್ 1940ರ ದಶಕದಲ್ಲಿ ಕೊಳವೆಯೊಳಗೆ ಪಿಸ್ಟನ್ ಇಟ್ಟು, ಅದುವರೆಗೆ ಸಿಗದಷ್ಟು ಉದ್ದದ ಕಂಬಗಳನ್ನು ತೆಗೆದರು. 1947–48ರಲ್ಲಿ ಆಲ್ಬಟ್ರಾಸ್ ಹಡಗು ನಡೆಸಿದ ಸಂಶೋಧನಾ ಯಾನ ಅವುಗಳಿಂದಲೇ ಹೆಸರು ಮಾಡಿತು. ಸಾಗರದ ಇತಿಹಾಸ ಓದಲು ಆ ಕಂಬಗಳು ಸಾಕು. ಬಲ ಅಳೆಯಲು ಸಾಲವು. ಕೊಳವೆಯ ಗೋಡೆ ಉಜ್ಜಿ ಅಂಚಿನ ಮಣ್ಣು ಕಲಸಿಹೋಗಿರುತ್ತದೆ. ಹಡಗು ಅಲೆಗೆ ಕುಲುಕಿದಂತೆ ಪಿಸ್ಟನ್ನೂ ಕುಲುಕಿ ಕೆಸರನ್ನು ಹೀರುತ್ತದೆ, ಎಳೆಯುತ್ತದೆ. ಮೇಲೇರುತ್ತಿದ್ದಂತೆ ಒತ್ತಡ ಇಳಿಯುತ್ತದೆ; ಸಂದಿನ ನೀರಿನಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬಂದು ಕಣಗಳನ್ನು ದೂರ ತಳ್ಳುತ್ತದೆ. ಎರಡು ಮೂರು ಡಿಗ್ರಿ ಚಳಿಯಲ್ಲಿದ್ದ ಮಣ್ಣು ಉಷ್ಣವಲಯದ ಬಿಸಿಲಿಗೆ ಬಂದು ಬೀಳುತ್ತದೆ.

ಇದರ ಅತಿರೇಕ ಕಾಣಬೇಕೆಂದರೆ ನಮ್ಮ ಕೃಷ್ಣಾ–ಗೋದಾವರಿ ನದೀಮುಖದ ಆಚೆಗಿನ ಸಮುದ್ರಕ್ಕೆ ಹೋಗಬೇಕು. 2006ರಲ್ಲಿ ಭಾರತದ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದಡಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆತದ ಹಡಗು ಅಲ್ಲಿ ಸುಮಾರು 130 ಮೀಟರ್ ದಪ್ಪದ, ಬಿರುಕು ಬಿರುಕುಗಳಲ್ಲಿ ಹೈಡ್ರೇಟ್ ತುಂಬಿದ್ದ ಜೇಡಿಪದರವನ್ನು ಪತ್ತೆಹಚ್ಚಿತು. ಹೈಡ್ರೇಟ್ ಎಂದರೆ ಮಂಜುಗಡ್ಡೆಯಂಥ ಜಾಲರಿಯಲ್ಲಿ ಸಿಕ್ಕಿಕೊಂಡ ಮೀಥೇನ್. ತಳದ ಚಳಿ ಮತ್ತು ಒತ್ತಡದಲ್ಲಿ ಅದು ಗಟ್ಟಿ, ಸುತ್ತಲಿನ ಜೇಡಿಗೂ ಆಸರೆ. ಸಾಧಾರಣ ಕೊಳವೆಯಲ್ಲಿ ಮೇಲೆ ತಂದರೆ ಕರಗಿ ತನ್ನ ಗಾತ್ರದ 160 ಪಟ್ಟಿಗೂ ಹೆಚ್ಚು ಅನಿಲ ಬಿಡುತ್ತದೆ. ಆಗ ಹಡಗಿನ ಮೇಲೆ ಕೈಗೆ ಸಿಗುವುದು ಕೆಳಗಿದ್ದ ಮಣ್ಣಲ್ಲ, ಅದರ ಅವಶೇಷ. ಅದಕ್ಕೇ ತಳದ ಒತ್ತಡವನ್ನು ಬಿಡದೆ ಮುಚ್ಚಳ ಹಾಕಿಕೊಂಡು ಮೇಲೆ ಬರುವ ವಿಶೇಷ ಕೊಳವೆಗಳನ್ನೂ ಆ ಯಾನದಲ್ಲಿ ಬಳಸಿದರು. ಕೆಲವು ಕಂಬಗಳ ಬಲವನ್ನು ಅಳೆದದ್ದು ಆ ಒತ್ತಡದಲ್ಲಿ ಇಟ್ಟುಕೊಂಡೇ.

ಕೆಸರನ್ನು ಮೇಲೆ ತರುವುದರಲ್ಲಿ ಇಷ್ಟು ಕಷ್ಟವಿದ್ದರೆ ಉಪಕರಣವನ್ನೇ ಕೆಳಗೆ ಇಳಿಸಬಾರದೇಕೆ? ಡಚ್ಚರು 1930ರ ದಶಕದಲ್ಲಿ ತಮ್ಮ ತಗ್ಗು ನೆಲಕ್ಕಾಗಿ ಕಟ್ಟಿದ ಶಂಕು ಪರೀಕ್ಷೆ ಹೀಗೆ ಸಮುದ್ರಕ್ಕಿಳಿಯಿತು. ಹತ್ತು ಚದರ ಸೆಂಟಿಮೀಟರ್ ಅಗಲದ ಶಂಕುವನ್ನು ಸೆಕೆಂಡಿಗೆ ಎರಡು ಸೆಂಟಿಮೀಟರ್ ವೇಗದಲ್ಲಿ ನೆಲಕ್ಕೆ ತಳ್ಳುತ್ತಾ, ತುದಿಗೆ ಎಷ್ಟು ತಡೆ ಬರುತ್ತಿದೆ ಎಂದು ದಾಖಲಿಸುವುದು. ಈ ವೇಗ ಜಗತ್ತಿನಾದ್ಯಂತ ಒಂದೇ, ಕಾರಣವೂ ಗಟ್ಟಿಯಾಗಿದೆ: ಜೇಡಿಯನ್ನು ಹತ್ತು ಪಟ್ಟು ಬೇಗ ಒತ್ತಿದರೆ ಅದರ ಬಲ ಸುಮಾರು ಶೇ. 10ರಷ್ಟು ಹೆಚ್ಚಾಗಿ ಕಾಣುತ್ತದೆ. ಹಡಗಿನಿಂದ ಈಟಿಯಂತೆ ಬೀಳಿಸಿ, ಅದು ಎಷ್ಟು ಬೇಗ ನಿಂತಿತೆಂಬುದರಿಂದ ಬಲ ಲೆಕ್ಕ ಹಾಕುವ ಅಗ್ಗದ ಉಪಕರಣಗಳೂ ಇವೆ. ಅವುಗಳ ಅಂಕಿಗಳನ್ನು ಈ ವೇಗದ ವ್ಯತ್ಯಾಸಕ್ಕೆ ತಿದ್ದದೆ ನಂಬುವಂತಿಲ್ಲ.

ಆಳ ಹೆಚ್ಚಾದಂತೆ ಶಂಕುವಿಗೂ ಸಂಕಟ ಶುರುವಾಯಿತು. 1500 ಮೀಟರ್ ಆಳದಲ್ಲಿ ನೀರೊಂದೇ ಶಂಕುವನ್ನು ಸುಮಾರು 15,000 ಕಿಲೋಪಾಸ್ಕಲ್‌ನಲ್ಲಿ ಒತ್ತುತ್ತಿರುತ್ತದೆ. ಮೇಲ್ಪದರದ ಕೆಸರು ಒಡ್ಡುವ ತಡೆ ಇಪ್ಪತ್ತು ಮೂವತ್ತು ಕಿಲೋಪಾಸ್ಕಲ್. ಬೇಕಾದ ಸಂಗತಿ ಒಟ್ಟು ಅಳತೆಯ ಐನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲವೆಂದರೆ, ಸಂವೇದಕದ ಸಣ್ಣ ತಪ್ಪೇ ಉತ್ತರವನ್ನು ನುಂಗಿಬಿಡುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಸಂಗತಿ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವರ್ಟ್ ಮತ್ತು ಮಾರ್ಕ್ ರ‍್ಯಾಂಡಾಲ್ಫ್ 1991ರಲ್ಲಿ ಶಂಕುವಿನ ಬದಲು ಒಂದು ಅಡ್ಡ ಸರಳನ್ನು ಜೇಡಿಗೆ ತಳ್ಳಿದರು; ಆಕಾರದಿಂದಾಗಿ ಅದಕ್ಕೆ ಟಿ-ಬಾರ್ ಎಂದು ಹೆಸರು. ಮೊದಲು ಬಳಸಿದ್ದು ಪ್ರಯೋಗಾಲಯದಲ್ಲಿ, ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ತಿರುಗುವ ಯಂತ್ರದಲ್ಲಿ. ಸರಳು ಕೆಳಗಿಳಿಯುವಾಗ ಜೇಡಿ ಅದರ ಎರಡೂ ಬದಿಯಿಂದ ಹರಿದು ಹಿಂದೆ ಕೂಡಿಕೊಳ್ಳುತ್ತದೆ. ಹಾಗಾಗಿ ನೀರಿನ ಒತ್ತಡ ಕೆಳಗಿನಿಂದಲೂ ಮೇಲಿನಿಂದಲೂ ಬಂದು ಬಹುಮಟ್ಟಿಗೆ ತಾನೇ ರದ್ದಾಗುತ್ತದೆ, ಕೆಸರಿನ ತಡೆಯಷ್ಟೇ ಉಳಿಯುತ್ತದೆ. ಜೇಡಿ ಒಂದು ದುಂಡು ಕಂಬವನ್ನು ಹೇಗೆ ಬಳಸಿ ಹರಿಯುತ್ತದೆ ಎಂಬುದನ್ನು ರ‍್ಯಾಂಡಾಲ್ಫ್ ಮತ್ತು ಹೌಲ್ಸ್‌ಬಿ 1984ರಲ್ಲೇ ಬೇರೊಂದು ಕಾರಣಕ್ಕೆ ಗಣಿತದಿಂದ ಬಿಡಿಸಿದ್ದರು. ಅಳೆದ ತಡೆಯನ್ನು 10.5ರಿಂದ ಭಾಗಿಸಿದರೆ ಷಿಯರ್ ಬಲ ಸಿಗುತ್ತದೆ. ಅನುಭವದ ಅಂದಾಜಿನ ಗುಣಾಂಕಗಳೇ ತುಂಬಿರುವ ಮಣ್ಣಿನ ಎಂಜಿನಿಯರಿಂಗಿನಲ್ಲಿ ಹೀಗೆ ಸಿದ್ಧಾಂತದಿಂದ ನೇರವಾಗಿ ಇಳಿದು ಬಂದ ಸಂಖ್ಯೆ ಅಪರೂಪ.

ಟಿ-ಬಾರಿಗೆ ಇನ್ನೊಂದು ಗುಣವಿದೆ. ಒಂದೇ ಜಾಗದಲ್ಲಿ ಅದನ್ನು ಮೇಲೆ ಕೆಳಗೆ ಹಲವು ಬಾರಿ ಎಳೆದರೆ ಜೇಡಿ ಪೂರ್ತಿ ಕಲಸಿಹೋಗಿ, ಕೊನೆಗೆ ಉಳಿಯುವ ಬಲವೂ ತಿಳಿಯುತ್ತದೆ. ಮೊದಲಿನ ಬಲ ಕಲಸಿದ ಮೇಲಿನ ಬಲಕ್ಕಿಂತ ಎಷ್ಟು ಪಟ್ಟು ಎಂಬ ಸಂಖ್ಯೆ, ಬಹಳ ಸಲ, ಮೊದಲಿನ ಬಲಕ್ಕಿಂತಲೂ ಮುಖ್ಯ. ನಾರ್ವೆಯ ರಿಸ್ಸಾದಲ್ಲಿ 1978ರಲ್ಲಿ ಆದದ್ದೇ ಸಾಕ್ಷಿ. ಅಲ್ಲಿನ ನೆಲ ಹಿಮಯುಗ ಮುಗಿಯುವಾಗ ಕಡಲತಳದಲ್ಲಿ ಕೂತ ಜೇಡಿ. ಆಮೇಲೆ ನೆಲ ಮೇಲೆದ್ದಾಗ ಒಳಗಿನ ಉಪ್ಪನ್ನು ಸಿಹಿನೀರು ಸಾವಿರಾರು ವರ್ಷ ತೊಳೆದುಹಾಕಿತ್ತು. ಕಣಗಳು ಹಳೆಯ ಜೋಡಣೆಯಲ್ಲೇ ನಿಂತಿದ್ದವು, ಹಿಡಿದಿಟ್ಟಿದ್ದ ಉಪ್ಪು ಮಾತ್ರ ಇರಲಿಲ್ಲ. ಕೊಟ್ಟಿಗೆ ಕಟ್ಟಲು ಅಗೆದ ಮಣ್ಣನ್ನು ಸರೋವರದ ದಡದಲ್ಲಿ ಸುರಿದದ್ದೇ ನೆಪವಾಗಿ ದಡ ಜಾರಿತು, ಜಾರಿದ ಜೇಡಿ ದ್ರವವಾಯಿತು, ಹಿಂದಿನ ನೆಲ ಆಸರೆ ತಪ್ಪಿ ಅದೂ ಜಾರಿತು. ಹೊಲಮನೆಗಳು ತೇಲಿಕೊಂಡು ಹೋದದ್ದನ್ನು ಸ್ಥಳೀಯರು ಚಿತ್ರೀಕರಿಸಿದ್ದಾರೆ.

ಅದೇ ನಾರ್ವೆಗೆ ಎದುರಾದ ದೊಡ್ಡ ಪ್ರಶ್ನೆ ಓರ್ಮೆನ್ ಲಾಂಗೆ. 1997ರಲ್ಲಿ ಪತ್ತೆಯಾದ ಈ ಅನಿಲ ನಿಕ್ಷೇಪ ಇರುವುದು ಸ್ಟೋರೆಗ್ಗಾ ಎಂಬ ಕುಸಿತದ ಗಾಯದೊಳಗೇ. ಸುಮಾರು 8,150 ವರ್ಷಗಳ ಹಿಂದೆ ಅಲ್ಲಿ ಮೂರು ಸಾವಿರ ಘನ ಕಿಲೋಮೀಟರಿನಷ್ಟು ಹೂಳು ಜಾರಿತ್ತು. ಆ ಸುನಾಮಿ ಎಸೆದ ಮರಳಿನ ಪದರ ಸ್ಕಾಟ್ಲೆಂಡಿನ ತೀರದಲ್ಲಿ ಈಗಲೂ ಸಿಗುತ್ತದೆ. ಅಲ್ಲಿ ಬಾವಿ ಕೊರೆದರೆ ಮತ್ತೆ ಜಾರೀತೇ? ಉತ್ತರಕ್ಕಾಗಿ ವರ್ಷಗಟ್ಟಲೆ ಕೊರೆದರು, ಚುಚ್ಚಿದರು, ಸಂದಿನ ನೀರಿನ ಒತ್ತಡ ಅಳೆದರು. ಹಿಮನದಿಗಳು ತಂದು ಸುರಿದ ಗಟ್ಟಿ ಹೂಳಿನ ಕೆಳಗೆ, ಬೆಚ್ಚನೆಯ ಕಾಲಗಳಲ್ಲಿ ಸಾವಕಾಶವಾಗಿ ಕೂತ ಮೆತ್ತನೆ ಕಡಲ ಜೇಡಿಯ ಪದರಗಳಿದ್ದವು. ಮೇಲಿನ ಹೂಳು ಬೇಗ ಬಿದ್ದದ್ದರಿಂದ ಸಂದಿನ ನೀರಿನ ಒತ್ತಡ ಏರಿತ್ತು. ಮಂಜು ಕರಗಿ ಹಗುರಾದ ನೆಲ ಮೇಲೇಳುವಾಗ ಆದ ದೊಡ್ಡ ಭೂಕಂಪ ಉಳಿದದ್ದನ್ನು ಮಾಡಿತು. ಅಂಥ ಕುಸಿತಕ್ಕೆ ಮತ್ತೆ ಹೂಳು ಕೂಡಬೇಕಾದರೆ ಇನ್ನೊಂದು ಹಿಮಯುಗವೇ ಬರಬೇಕು ಎಂಬ ತೀರ್ಮಾನದ ಮೇಲೆ 2007ರಲ್ಲಿ ಅನಿಲ ಹರಿಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಭಾರ, ನೀರು, ಉಪ್ಪು, ಕಾಲ. ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ ಈ ಪಟ್ಟಿಗೆ ಸಿಗದ ಒಂದು ಒಗಟಿತ್ತು. ಅಲ್ಲಿನ ಆಳದ ಕೆಸರಿನಲ್ಲಿ ಬಲ ಕೆಳಗೆ ಹೋದಂತೆ ಏರುವ ಬದಲು, ಮೇಲಿನ ಒಂದು ಮೀಟರಿನೊಳಗೇ 10–15 ಕಿಲೋಪಾಸ್ಕಲ್‌ಗೆ ಜಿಗಿದು ಮತ್ತೆ ಇಳಿಯುತ್ತಿತ್ತು. ಬಿಸಿ ತೈಲದ ಕೊಳವೆ ಹಿಗ್ಗಿ ಪಕ್ಕಕ್ಕೆ ಬಾಗುವಾಗ ಒರಗುವುದೇ ಈ ಮೇಲ್ಪದರಕ್ಕೆ, ಹಾಗಾಗಿ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕೇಂಬ್ರಿಡ್ಜಿನ ಮ್ಯಾಥ್ಯೂ ಕುಓ ಮತ್ತು ಮಾಲ್ಕಂ ಬೋಲ್ಟನ್ ಆ ಜೇಡಿಯನ್ನು ನೀರಿನಲ್ಲಿ ಜರಡಿ ಹಿಡಿದು ಸೂಕ್ಷ್ಮದರ್ಶಕದಡಿ ಇಟ್ಟರು. ಕಂಡದ್ದು ಹುಳಗಳಂಥ ಬಿಲವಾಸಿ ಜೀವಿಗಳು ಕೆಸರು ತಿಂದು ಹಾಕಿದ ಹಿಕ್ಕೆಯ ಸಣ್ಣ ಸಣ್ಣ ಉಂಡೆಗಳು, ಅದೂ ತೂಕದಲ್ಲಿ ದೊಡ್ಡ ಪಾಲು. ಜೇಡಿಯ ಕಣಗಳು ಆ ಜೀವಿಗಳ ಹೊಟ್ಟೆಯಲ್ಲಿ ಒತ್ತೊತ್ತಾಗಿ ಕೂಡಿ, ಪ್ರತಿ ಉಂಡೆಯೂ ಸುತ್ತಲಿನ ಕೆಸರಿಗಿಂತ ಎಷ್ಟೋ ಪಟ್ಟು ಬಲವಾಗಿತ್ತು. ಸಾವಿರಾರು ಟನ್ನಿನ ಉಕ್ಕಿನ ಕೊಳವೆಗಳ ಲೆಕ್ಕಾಚಾರದಲ್ಲಿ ಮಿಲಿಮೀಟರಿಗಿಂತ ಚಿಕ್ಕ ಹಿಕ್ಕೆಗೂ ಪಾತ್ರವಿದೆ ಎಂದು ತಿಳಿದಾಗ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಮತ್ತೆ ಹಿಂದೂ ಮಹಾಸಾಗರ. ಅಲ್ಲಿ 75,000 ಚದರ ಕಿಲೋಮೀಟರ್ ತಳದಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇರುವ ಗಂಟುಗಳನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. ಅವು ಆಲೂಗಡ್ಡೆಯ ಗಾತ್ರದ ಉಂಡೆಗಳಾಗಿ ಕೆಸರಿನ ಮೇಲೇ ಕೂತಿವೆ. ಹೆಕ್ಕಲು ಹೋಗುವ ಯಂತ್ರ ಹೂತುಹೋಗಬಾರದು. ಅದಕ್ಕಾಗಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕೆಸರಿನ ಬಲವನ್ನು ಸ್ಥಳದಲ್ಲೇ ಅಳೆಯುವ, 6,000 ಮೀಟರ್ ಆಳ ತಾಳುವ ಉಪಕರಣವನ್ನು ರೂಪಿಸಿ ಇದೇ ಸಾಗರದ ತಳದಲ್ಲಿ ಪರೀಕ್ಷಿಸಿತು. 2021ರಲ್ಲಿ ಅದರ ಪಟ್ಟಿಚಕ್ರದ ಯಂತ್ರ ವರಾಹ 5,270 ಮೀಟರ್ ಆಳದ ಕೆಸರಿನ ಮೇಲೆ ಓಡಾಡಿತು. ಆ ನೆಲದ ಕೆಲವೇ ಕಿಲೋಪಾಸ್ಕಲ್ ಬಲವನ್ನು ನಂಬಿ ಮಾಡಿದ ಕೆಲಸವದು.

ಯಂತ್ರ ಹೂಳದಿರುವುದಷ್ಟೇ ಗುರಿಯಾದರೆ ಅಳತೆ ಅಲ್ಲಿಗೆ ಮುಗಿಯಿತು ಎನ್ನಬಹುದು. ನಾನು ಹಾಗೆ ಒಪ್ಪುವುದಿಲ್ಲ. ಪೆರು ದೇಶದಾಚೆಯ ಆಳದಲ್ಲಿ 1989ರಲ್ಲಿ ಜರ್ಮನ್ ವಿಜ್ಞಾನಿಗಳು ಡಿಸ್ಕಾಲ್ ಎಂಬ ಪ್ರಯೋಗಕ್ಕಾಗಿ ತಳವನ್ನು ಉತ್ತು ನೋಡಿದ್ದರು. 2015ರಲ್ಲಿ ಮರಳಿ ಹೋದಾಗ ನೇಗಿಲ ಸಾಲುಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಲ್ಲಿ ಹೊಸ ಹೂಳು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಕೂರುತ್ತದೆ. ಮೇಲಿನ ಮೆತ್ತನೆ ಪದರ ಒಮ್ಮೆ ಹೋದರೆ, ಬಿಲ ತೋಡಿ ಬದುಕುವ ಜೀವಿಗಳಿಗೆ ಸಿಗುವುದು ಅಡಿಯ ಬಿಗಿ ಜೇಡಿ. ಗಂಟು ಹೆಕ್ಕುವ ಮುಂಚೆ ಅಳೆದ ಬಲವನ್ನು ಹೆಕ್ಕಿದ ಮೇಲೆಯೂ, ವರ್ಷಗಳ ನಂತರವೂ, ಅದೇ ಸಾಲಿನಲ್ಲಿ ಅದೇ ಉಪಕರಣದಿಂದ ಅಳೆಯುವ ಕರಾರು ಗಣಿಗಾರಿಕೆಯ ಪರವಾನಗಿಯಲ್ಲೇ ಇರಬೇಕು.