ಮೊದಲ ಹೆಬ್ಬೆಟ್ಟು ಒತ್ತಿದ್ದು ಯಾರು?

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಬೆರಳಚ್ಚು ಯಂತ್ರ ಇಟ್ಟುಬಿಟ್ಟರೆ ಬೇರೆಯವರ ಬದಲು ಪರೀಕ್ಷೆ ಬರೆಯಲು ಬಂದವನು ಅಲ್ಲೇ ಸಿಕ್ಕಿಬೀಳುತ್ತಾನೆ ಅಂತ ತುಂಬಾ ಜನ ನಂಬಿದ್ದಾರೆ. ಇದೇ ಯಂತ್ರಗಳ ಜೊತೆ ಕೆಲಸ ಮಾಡುವ ನಾನು ಮೊದಲು ಕೇಳುವುದು ಒಂದೇ: ಹೋಲಿಸಿ ನೋಡೋಕೆ ಹಳೆಯ ಅಚ್ಚು ಎಲ್ಲಿದೆ?

ಯಂತ್ರಕ್ಕೆ ನಿಮ್ಮ ಹೆಸರು, ಊರು ಏನೂ ಗೊತ್ತಿಲ್ಲ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಅನ್ನುವುದನ್ನು ಗುರುತು ಹಾಕಿಕೊಂಡು, ಮೊದಲೇ ಇಟ್ಟುಕೊಂಡ ಅಚ್ಚಿನ ಜೊತೆ ತಾಳೆ ನೋಡುತ್ತದೆ. ಅಷ್ಟೇ. ಎಷ್ಟೋ ಪರೀಕ್ಷೆಗಳಲ್ಲಿ ಆ ಮೊದಲ ಅಚ್ಚು ತೆಗೆಯುವುದೇ ಪರೀಕ್ಷೆಯ ದಿನ ಬೆಳಿಗ್ಗೆ. ಅವತ್ತು ಬಂದವನೇ ನಕಲಿಯಾಗಿದ್ದರೆ ಅವನ ಹೆಬ್ಬೆಟ್ಟೇ ಅಸಲಿ ಅಭ್ಯರ್ಥಿಯ ಹೆಸರಲ್ಲಿ ದಾಖಲಾಗುತ್ತದೆ. ಯಂತ್ರ ಹಸಿರು ದೀಪ ತೋರಿಸುತ್ತದೆ, ಅವನು ಆರಾಮಾಗಿ ಒಳಗೆ ಹೋಗುತ್ತಾನೆ.

ಹಾಗಂತ ಆ ಅಚ್ಚು ದಂಡ ಅಲ್ಲ. ಕೆಲಸಕ್ಕೆ ಬರುವುದು ಆಮೇಲೆ. ದೈಹಿಕ ಪರೀಕ್ಷೆ, ದಾಖಲೆ ಪರಿಶೀಲನೆ, ಕೌನ್ಸೆಲಿಂಗ್, ಕೊನೆಗೆ ಕೆಲಸಕ್ಕೆ ಸೇರುವ ದಿನ, ಎಲ್ಲ ಕಡೆಯೂ ಅದೇ ಬೆರಳು ಕೇಳಬೇಕು. ಅಸಲಿ ಅಭ್ಯರ್ಥಿ ಎಲ್ಲೋ ಒಂದು ಕಡೆ ತಾನೇ ಬರಲೇಬೇಕಲ್ವಾ? ಸಿಕ್ಕಿಬೀಳುವುದು ಅಲ್ಲೇ. ಬಾಗಿಲಲ್ಲಿ ಯಂತ್ರ ಇಟ್ಟು ಫೋಟೊ ತೆಗೆಸಿಕೊಂಡು, ಸೇರುವ ದಿನ ತಾಳೆ ನೋಡದಿದ್ದರೆ ಅದು ಸುಮ್ನೆ ಖರ್ಚು.

ಆಧಾರ್ ಜೊತೆ ಹೋಲಿಸಿದರೆ ಈ ತೊಂದರೆ ಕಡಿಮೆ, ಯಾಕಂದ್ರೆ ಅಲ್ಲಿನ ಅಚ್ಚು ಪರೀಕ್ಷೆಗಿಂತ ಮುಂಚೆಯೇ ಕೊಟ್ಟಿದ್ದು. 2024ರ ಆಗಸ್ಟ್‌ನಲ್ಲಿ ಯುಪಿಎಸ್‌ಸಿಗೂ ಇದಕ್ಕೆ ಕೇಂದ್ರ ಸರ್ಕಾರದ ಅನುಮತಿ ಸಿಕ್ಕಿತು, ಅದೂ ಅಭ್ಯರ್ಥಿ ಒಪ್ಪಿದರೆ ಮಾತ್ರ.

ಹಳೆಯ ಅಚ್ಚು ಇದ್ದಾಗ ಮೋಸ ಮಾಡುವವರು ಎಷ್ಟು ಕಷ್ಟಪಡಬೇಕಾಗುತ್ತದೆ ಅನ್ನುವುದಕ್ಕೆ 2022ರ ಆಗಸ್ಟ್‌ನಲ್ಲಿ ಗುಜರಾತಿನ ವಡೋದರಾದಲ್ಲಿ ನಡೆದದ್ದನ್ನು ನೋಡಿ. ಅದು ರೈಲ್ವೆ ನೇಮಕಾತಿ ಪರೀಕ್ಷೆ. ಪೊಲೀಸರು ಹೇಳಿದಂತೆ, ಅಭ್ಯರ್ಥಿ ಬಿಸಿ ಪಾತ್ರೆಗೆ ತನ್ನ ಎಡಗೈ ಹೆಬ್ಬೆರಳು ಒತ್ತಿ ಬೊಬ್ಬೆ ಬರಿಸಿಕೊಂಡ. ಆ ಚರ್ಮವನ್ನು ಬ್ಲೇಡಿನಿಂದ ತೆಗೆದು ಗೆಳೆಯನ ಹೆಬ್ಬೆರಳಿಗೆ ಅಂಟಿಸಿ ಪರೀಕ್ಷೆಗೆ ಕಳಿಸಿದ. ಯಂತ್ರ ಎಷ್ಟು ಸಲ ಒತ್ತಿದರೂ ಒಪ್ಪಲಿಲ್ಲ. ಗೆಳೆಯ ಎಡಗೈಯನ್ನು ಜೇಬಿನಲ್ಲಿ ಬಚ್ಚಿಡುತ್ತಿದ್ದದ್ದು ಮೇಲ್ವಿಚಾರಕರ ಕಣ್ಣಿಗೆ ಬಿತ್ತು. ಬೆರಳಿಗೆ ಸ್ಯಾನಿಟೈಸರ್ ಹೊಡೆದರು. ಚರ್ಮ ಕಳಚಿ ಬಿತ್ತು.

ಇಲ್ಲಿ ಯಂತ್ರ ಹೇಳಿದ್ದು ‘ಹೊಂದುತ್ತಿಲ್ಲ’ ಅಂತ ಮಾತ್ರ. ಮೋಸ ಅಂತ ಹಿಡಿದಿದ್ದು ಮನುಷ್ಯರು. ಈ ವ್ಯತ್ಯಾಸ ಮುಖ್ಯ, ಯಾಕಂದ್ರೆ ಯಂತ್ರ ಪ್ರಾಮಾಣಿಕರಿಗೂ ಅದೇ ಮಾತು ಹೇಳುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್ ಬರ್ತಿಲ್ಲ’ ಅಂತ ವಾಪಸ್ ಬಂದವರನ್ನು ನೀವೇ ನೋಡಿರುತ್ತೀರಿ. ಗಾರೆ ಕೆಲಸ, ಹೊಲದ ಕೆಲಸ ಮಾಡಿಕೊಂಡೇ ಓದುವ ಹುಡುಗ ಹುಡುಗಿಯರ ಬೆರಳಿನ ಗೆರೆ ಸವೆದಿರುತ್ತದೆ. ಚಳಿಗೆ ಚರ್ಮ ಒಣಗಿರುತ್ತದೆ. ಮದುವೆ ಮನೆಯ ಮೆಹಂದಿಯೂ ಕೆಲವು ಯಂತ್ರಗಳಿಗೆ ಆಗಿಬರುವುದಿಲ್ಲ. ಎಷ್ಟೋ ಸಲ ತಪ್ಪು ಬೆರಳಿನದ್ದೂ ಅಲ್ಲ, ಯಂತ್ರದ ಗಾಜನ್ನು ಬೆಳಿಗ್ಗೆಯಿಂದ ಯಾರೂ ಒರೆಸಿರುವುದಿಲ್ಲ.

ಯಂತ್ರಕ್ಕೂ ಒಂದು ಪಾಸ್ ಮಾರ್ಕ್ ಇರುತ್ತದೆ. ಅದನ್ನು ಜಾಸ್ತಿ ಮಾಡಿದರೆ ನಕಲಿ ನುಸುಳುವುದು ಕಷ್ಟ, ಆದರೆ ಅಸಲಿಯವರೂ ಹೆಚ್ಚು ಫೇಲ್ ಆಗುತ್ತಾರೆ. ನೂರಕ್ಕೆ ಒಬ್ಬರು ಹೀಗೆ ಫೇಲ್ ಆಗುತ್ತಾರೆ ಅಂತಿಟ್ಟುಕೊಳ್ಳಿ. 500 ಜನರ ಕೇಂದ್ರದಲ್ಲಿ ಐದು ಜನ ಏನೂ ತಪ್ಪು ಮಾಡದೆ ಬಾಗಿಲಲ್ಲಿ ನಡುಗುತ್ತಾ ನಿಲ್ಲಬೇಕಾಗುತ್ತದೆ.

ಅದಕ್ಕೇ ನೋಂದಣಿ ಸಮಯದಲ್ಲೇ ನಾಲ್ಕು ಬೆರಳಾದರೂ ತೆಗೆದುಕೊಳ್ಳಿ ಅಂತ ಹೇಳುತ್ತಿರುತ್ತೇನೆ. ಒಂದು ಹೊಂದದಿದ್ದರೆ ಬೆರಳು ಒರೆಸಿ ಇನ್ನೊಂದು ನೋಡಬಹುದು. ಯಾವುದೂ ಹೊಂದದಿದ್ದರೆ ಗುರುತಿನ ಚೀಟಿ ನೋಡಿ, ಫೋಟೊ ತೆಗೆದು, ಸಹಿ ಮಾಡಿಸಿಕೊಂಡು ಪರೀಕ್ಷೆಗೆ ಕೂರಿಸಬೇಕು. ಎದ್ದುಕಾಣುವ ಅನುಮಾನ ಇದ್ದರೆ ಮಾತು ಬೇರೆ. ಹಾಗೆ ಕೂರಿಸಿದವರ ಪಟ್ಟಿ ಬೆರಳಚ್ಚು ತಜ್ಞರ ಮೇಜಿಗೆ ಹೋಗಬೇಕು, ಫಲಿತಾಂಶ ಬರುವುದಕ್ಕೆ ಮುಂಚೆ.