ಚಳಿ ಸಹಿಸುವ ಗಿಡ, ಚಳಿ ಬೇಡುವ ಗಿಡ: ಬೀದರಿನ ಮನೆದೋಟಕ್ಕೊಂದು ಟಿಪ್ಪಣಿ

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬೀದರಿನ ಮಾಳಿಗೆಗಳ ಮೇಲೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ: ಎಲೆ ಉದುರಿ ಕಡ್ಡಿಯಾಗಿ ನಿಂತ ಕ್ರೋಟನ್, ಬೆಂಕಿ ತಾಗಿದಂತೆ ಕಂದಿದ ತುಳಸಿ, ಅವೆರಡರ ನಡುವೆ ತನಗೂ ಚಳಿಗೂ ಸಂಬಂಧವೇ ಇಲ್ಲವೆಂಬಂತೆ ಅರಳಿದ ಸೇವಂತಿಗೆ. ಮೂರಕ್ಕೂ ಅದೇ ಗಾಳಿ, ಅದೇ ನೀರು, ಅದೇ ರಾತ್ರಿ. ಈ ವ್ಯತ್ಯಾಸ ಅರ್ಥವಾದರೆ ಗಿಡ ಆರಿಸುವ ಪಾಠ ಮುಕ್ಕಾಲು ಮುಗಿದಂತೆ.

ನರ್ಸರಿಯ ಚೀಟಿಗಳಲ್ಲಿ ಬರುವ ‘ಕೋಲ್ಡ್ ಹಾರ್ಡಿ’, ಅಂದರೆ ಚಳಿ ತಾಳುವ ಗಿಡ, ಎಂಬ ಮಾತಿನಿಂದ ಆರಂಭಿಸೋಣ. ಅದು ಹಿಮ ಬೀಳುವ ದೇಶಗಳ ಮಾತು. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಪ್ರಕಟಿಸಿ, 2023ರಲ್ಲಿ ಪರಿಷ್ಕರಿಸಿದ, ಯಾವ ಊರಿನ ಚಳಿಯನ್ನು ಯಾವ ಗಿಡ ತಾಳುತ್ತದೆಂದು ತಿಳಿಯಲು ಬಳಸುವ ನಕ್ಷೆಯಲ್ಲಿ 13 ವಲಯಗಳಿವೆ. ಪ್ರತಿ ವರ್ಷದ ಅತಿ ತಣ್ಣನೆಯ ರಾತ್ರಿಯ ಉಷ್ಣಾಂಶ ಹಿಡಿದು, 30 ವರ್ಷಗಳ ಸರಾಸರಿ ತೆಗೆದು ವಲಯ ಗೊತ್ತುಮಾಡುತ್ತಾರೆ. 5ನೇ ವಲಯವೆಂದರೆ ಈ ಸರಾಸರಿ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. 11ನೇ ವಲಯವೆಂದರೆ 4.4ರಿಂದ 10 ಡಿಗ್ರಿ. ಕೆಲವು ರಾತ್ರಿಗಳಲ್ಲಷ್ಟೇ 10ಕ್ಕಿಂತ ಕೆಳಗಿಳಿಯುವ ಬೀದರು ಈ ಅಳತೆಯಲ್ಲಿ 11ರ ಸುತ್ತಮುತ್ತ ಬರುತ್ತದೆ. ಅಂದರೆ 5ನೇ ವಲಯಕ್ಕೆ ಒಗ್ಗುವ ಗಿಡದ ಶಕ್ತಿ ಇಲ್ಲಿ ಖರ್ಚಾಗುವುದೇ ಇಲ್ಲ.

ಖರ್ಚಾಗದಿದ್ದರೆ ನಷ್ಟವೇನು ಎಂದು ನಾನೂ ಕೇಳಿಕೊಂಡಿದ್ದೆ. ಆನ್‌ಲೈನ್ ಅಂಗಡಿಯೊಂದರಿಂದ ಟುಲಿಪ್ ಗಡ್ಡೆ ತರಿಸಿ ಉತ್ತರ ಪಡೆದೆ. ನಾಲ್ಕು ಎಲೆ ಬಂದವು, ಹೂವು ಬರಲಿಲ್ಲ. ಟುಲಿಪ್ ಗಡ್ಡೆಯೊಳಗಿನ ಮೊಗ್ಗು ಸರಿಯಾಗಿ ಬೆಳೆದು ಮೇಲೇಳಬೇಕಾದರೆ ಹತ್ತು ಡಿಗ್ರಿಗಿಂತ ಕಡಿಮೆ ತಂಪು ಮೂರು ತಿಂಗಳಷ್ಟು ಕಾಲ ಬಿಡದೆ ಸಿಗಬೇಕು. ನಮ್ಮಲ್ಲಿ ರಾತ್ರಿ ಹತ್ತಕ್ಕಿಳಿದರೂ ಮಧ್ಯಾಹ್ನ ಇಪ್ಪತ್ತೈದು ದಾಟಿರುತ್ತದೆ. ಇದು ಚಳಿ ಸಹಿಸುವ ಗಿಡವಷ್ಟೇ ಅಲ್ಲ, ಚಳಿ ಬೇಡುವ ಗಿಡ. ಪಿಯೋನಿ, ಲೈಲಾಕ್ ಇದೇ ಬಗೆಯವು. ಚಿತ್ರದಲ್ಲಿ ಚೆಂದ, ಚಿತ್ರದಲ್ಲೇ ಇರಲಿ.

ಆ ನಕ್ಷೆಯ ಇನ್ನೊಂದು ಕುಂದೆಂದರೆ ಅದು ಬೇಸಿಗೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಅದಕ್ಕೆಂದೇ ಅಮೆರಿಕದ ತೋಟಗಾರಿಕಾ ಸಂಘ 1997ರಲ್ಲಿ ಬಿಸಿಲಿನ ನಕ್ಷೆಯನ್ನು ಬೇರೆಯಾಗಿ ತಯಾರಿಸಿತು; 30 ಡಿಗ್ರಿ ದಾಟುವ ದಿನಗಳೆಷ್ಟು ಎಂಬುದೇ ಅದರ ಲೆಕ್ಕ. ಜನವರಿಯ ಬೆಳಗಿನ ಹತ್ತು ಡಿಗ್ರಿ ಮತ್ತು ಮೇ ತಿಂಗಳ ನಲವತ್ತು, ಎರಡನ್ನೂ ಒಂದೇ ಕುಂಡದಲ್ಲಿ ನಿಂತು ದಾಟುವ ಗಿಡ ನಮಗೆ ಬೇಕು.

ಹಿಮವಿಲ್ಲದೆ ಗಿಡ ಸುಡುವುದು ಹೇಗೆ?

ಗಿಡಕ್ಕೆ ಏನಾಗಿದೆ ಎಂದು ನೋಡುವಾಗ ಹೆಚ್ಚು ಎಡವುವುದು ಇಲ್ಲಿ. ಹೆಪ್ಪುಗಟ್ಟುವ ಹಾನಿ ಬೇರೆ, ತಂಪಿನ ಹಾನಿ ಬೇರೆ. ಮೊದಲನೆಯದರಲ್ಲಿ ಜೀವಕೋಶಗಳ ನಡುವೆ ಮಂಜುಗಡ್ಡೆ ಕಟ್ಟಿ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಬೀದರಿನ ಮಾಳಿಗೆಯಲ್ಲಿ ನಾವು ಕಾಣುವುದು ಎರಡನೆಯದು. ಉಷ್ಣವಲಯದ ಗಿಡಗಳ ಕೋಶಪೊರೆಯ ಕೊಬ್ಬು, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ, ಹತ್ತು ಹನ್ನೆರಡು ಡಿಗ್ರಿಯಲ್ಲೇ ಬಿಗಿಯುತ್ತದೆ. ಪೊರೆ ಸೋರುತ್ತದೆ, ತಣ್ಣಗಾದ ಬೇರು ನೀರು ಹೀರುವುದನ್ನು ತಗ್ಗಿಸುತ್ತದೆ. ಡೈಫೆನ್‌ಬೇಕಿಯಾ ಎಲೆಯನ್ನು ಅಂಥ ಬೆಳಗ್ಗೆ ಬೆಳಕಿಗೆ ಹಿಡಿದು ನೋಡಿ: ಅಲ್ಲಲ್ಲಿ ಎಣ್ಣೆ ಸವರಿದ ಕಾಗದದಂಥ ಮಬ್ಬು ಮಚ್ಚೆ. ಮುಟ್ಟಿದರೆ ಮೆತ್ತಗೆ. ಎರಡು ಮೂರು ದಿನಕ್ಕೆ ಅದೇ ಜಾಗ ಕಂದು. ಇದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರು ಎಷ್ಟೋ ಮಂದಿ.

ಅಗ್ಲೋನೆಮಾ, ಕೆಲೇಡಿಯಂ, ಕೋಲಿಯಸ್, ಕ್ರೋಟನ್, ಅಬ್ಬಲಿಗೆ ಈ ಹೆದರುವ ಗುಂಪಿನವು. ತುಳಸಿಯೂ ಅಷ್ಟೇ. ತುಳಸಿ ಲಗ್ನ ಮುಗಿದ ಕೂಡಲೇ ಅದರ ಹೂತೆನೆಗಳನ್ನು ಚಿವುಟಿ, ಬೀಜ ಕಟ್ಟುವ ಶ್ರಮ ತಪ್ಪಿಸಿದರೆ ಎಲೆ ಇನ್ನಷ್ಟು ದಿನ ನಿಲ್ಲುತ್ತದೆ.

ಇನ್ನು ಸಹಿಸುವವು. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಕಣಗಿಲೆ ಮತ್ತು ಬೋಗನ್‌ವಿಲ್ಲಾ. ಎರಡೂ ಬಿಸಿಲಿಗೆ ಬಗ್ಗುವುದಿಲ್ಲ, ನಮ್ಮ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣಗಿಲೆಯ ಎಲ್ಲ ಭಾಗವೂ ವಿಷ, ಮಕ್ಕಳು ಮತ್ತು ದನಕರು ಓಡಾಡುವ ಕಡೆ ಬೇಡ. ಗುಲಾಬಿಗೆ ಚಳಿಯೇ ಹಬ್ಬ: ವರ್ಷದ ದೊಡ್ಡ ಹೂವು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಕಾಕಡಾ ಕೂಡ ಈ ಕಾಲದ್ದೇ. ದುಂಡು ಮಲ್ಲಿಗೆ ಮಾತ್ರ ಆಗ ಮಲಗಿರುತ್ತದೆ, ಎಬ್ಬಿಸಲು ಹೋಗಬೇಡಿ. ಪೆಟೂನಿಯಾ, ಡಯಾಂಥಸ್, ಕ್ಯಾಲೆಂಡುಲಾ ಅಕ್ಟೋಬರ್‌ನಲ್ಲಿ ಬಿತ್ತಿ ಮಾರ್ಚ್‌ನಲ್ಲಿ ಕೀಳುವ ಅತಿಥಿಗಳು.

ಸೇವಂತಿಗೆಯ ಗುಟ್ಟು ಚಳಿಯಲ್ಲಿಲ್ಲ, ಕತ್ತಲಲ್ಲಿದೆ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅದು. ನಮ್ಮ ಗೇಟಿನ ಪಕ್ಕದ ಕುಂಡ ಬೀದಿದೀಪದ ಬೆಳಕಿಗೆ ಬಿದ್ದು ಸಂಕ್ರಾಂತಿವರೆಗೂ ಬರೀ ಎಲೆ ಬಿಡುತ್ತಿತ್ತು. ಅದೇ ಗಿಡದ ಮರಿ ಹಿತ್ತಲಲ್ಲಿ ದೀಪಾವಳಿಗೇ ಮೊಗ್ಗಾಗಿತ್ತು. ಪಾಯಿನ್‌ಸೆಟಿಯಾ ಕೆಂಪೇರದಿದ್ದರೂ ಮೊದಲು ದೀಪದ ಕಡೆ ನೋಡಿ.

ಜಾಗ, ಮಣ್ಣು, ನೀರು

ಮೋಡವಿಲ್ಲದ ರಾತ್ರಿ ತೆರೆದ ಮಾಳಿಗೆ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸಜ್ಜೆಯ ಕೆಳಗೋ ಬೇವಿನ ನೆರಳಿಗೋ ಕುಂಡ ಸರಿಸಿದರೆ ಸಾಕು, ಮೇಲೊಂದು ಹೊದಿಕೆ ಬಿದ್ದಂತೆ. ಮಧ್ಯಾಹ್ನವಿಡೀ ಬಿಸಿಲು ಕುಡಿದ, ಪಶ್ಚಿಮಕ್ಕೆ ಮುಖಮಾಡಿದ ಕಲ್ಲುಗೋಡೆ ರಾತ್ರಿ ಅದನ್ನು ಹಿಂದಿರುಗಿಸುತ್ತದೆ. ಕೆಂಪು ಜಂಬಿಟ್ಟಿಗೆಯ ಹಳೆಯ ಗೋಡೆ ಇರುವವರು ಪುಣ್ಯವಂತರು. ಪ್ಲಾಸ್ಟಿಕ್ ಹೊದಿಸುವುದಾದರೆ ಎಲೆಗೆ ತಾಗದಂತೆ ಹೊದಿಸಿ, ಬೆಳಗ್ಗೆ ತೆಗೆಯಿರಿ.

ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣು ನೀರು ಬೇಗ ಬಸಿಯುತ್ತದೆ. ಕಲಬುರಗಿ, ಯಾದಗಿರಿಯ ಎರೆಮಣ್ಣು ಹಾಗಲ್ಲ. ಚಳಿಯಲ್ಲಿ ದಿನಗಟ್ಟಲೆ ತೇವ ಹಿಡಿದು ಬೇರು ಕೊಳೆಸುತ್ತದೆ. ಅಲ್ಲಿ ಗುಲಾಬಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಮಣ್ಣಿನ ಸುಣ್ಣದಂಶದಿಂದಾಗಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿಯಿರಿ, ಚಳಿಯನ್ನು ಬೈಯಬೇಡಿ. ನೀರು ಬಿಸಿಲೇರಿದ ಮೇಲೆ, ಬೆರಳು ತೂರಿಸಿ ಮಣ್ಣು ಒಣಗಿದ್ದರೆ ಮಾತ್ರ. ನವೆಂಬರ್ ನಂತರ ಹೆದರುವ ಗುಂಪಿಗೆ ಯೂರಿಯಾ ಬೇಡ, ಕತ್ತರಿಯೂ ಬೇಡ. ಆಗ ಹೊರಡುವ ಎಳೆ ಚಿಗುರೇ ಮೊದಲ ಬಲಿ.

ಕಡ್ಡಿಯಾದ ಕ್ರೋಟನ್ನನ್ನು ಕಿತ್ತೆಸೆಯುವ ಮುನ್ನ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಹಾಗೇ ಬಿಡಿ. ಶಿವರಾತ್ರಿ ಕಳೆದು ಗಂಟುಗಳಲ್ಲಿ ಚಿಗುರು ಉಬ್ಬಿದ ಮೇಲೆ, ಜೀವವಿರುವ ಗಂಟಿನಿಂದ ಬೆರಳಗಲ ಮೇಲಕ್ಕೆ ಕತ್ತರಿಸಿದರೆ ಸಾಕು.